‘ಕಣ್ಣಿಂದು ಬ್ಯಾರೆ, ಕಿವಿಂದು ಬ್ಯಾರೆ’: ಉಪಭಾಷಾ ಸಂಶೋಧನೆಯಲ್ಲಿ ಕೃತಿಚೌರ್ಯ ಮತ್ತು ಕರ್ತೃತ್ವ

ಕೃತಿಚೌರ್ಯವನ್ನು ಕುರಿತ ನಮ್ಮ ವಿಶ್ವವಿದ್ಯಾಲಯಗಳ ಚರ್ಚೆ ಈಚಿನ ವರ್ಷಗಳಲ್ಲಿ ಬಹುಮಟ್ಟಿಗೆ ಒಂದು ಶೇಕಡಾವಾರು ಸಂಖ್ಯೆಯ ಸುತ್ತ ನಡೆಯುತ್ತಿದೆ. ಪ್ರಬಂಧವನ್ನು ತಂತ್ರಾಂಶಕ್ಕೆ ಒಪ್ಪಿಸುತ್ತೇವೆ. ಅದು ಒಂದು ಅಂಕಿಯನ್ನು ಕೊಡುತ್ತದೆ. ಅಂಕಿ ಹತ್ತರ ಒಳಗಿದ್ದರೆ ನಿಟ್ಟುಸಿರು ಬಿಡುತ್ತೇವೆ. ಈ ಅಳತೆಯಿಂದ ಪ್ರಯೋಜನವಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಉಪಭಾಷೆಗಳನ್ನು ಅಭ್ಯಸಿಸುವ ನಮ್ಮ ಶಾಖೆಯಲ್ಲಿ ಕದಿಯಲ್ಪಡುವುದು ಹೆಚ್ಚಾಗಿ ಗದ್ಯವಲ್ಲ, ದತ್ತಾಂಶ: ಯಾರೋ ನುಡಿದ ವಾಕ್ಯ, ಯಾರೋ ಲಿಪ್ಯಂತರಿಸಿದ ರೂಪ, ಕೆಲವೊಮ್ಮೆ ಆ ರೂಪದ ಬಗ್ಗೆ ನುಡಿದವರೇ ಕೊಟ್ಟ ವಿವರಣೆ. ಇಂತಹ ಕಳವನ್ನು ತಂತ್ರಾಂಶ ಕಾಣಲಾರದು. ಅದನ್ನು ಕಾಣುವ ವಿಧಾನ ನಮ್ಮ ಶಾಸ್ತ್ರದಲ್ಲೇ ಇದೆ. ಬೀದರ ಜಿಲ್ಲೆಯ ಔರಾದ ತಾಲ್ಲೂಕಿನ ಚಿಂತಾಕಿಯಲ್ಲಿ ನಾನು ನಡೆಸಿದ ಕ್ಷೇತ್ರಕಾರ್ಯವನ್ನು ಆಧಾರವಾಗಿಟ್ಟುಕೊಂಡು ಇದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಉದಾಹರಣೆಗಳಲ್ಲಿ ಒಂದು ನನ್ನದೇ ತಪ್ಪಿನದು.

ವಾಕ್ಯ ಎಲ್ಲಿಂದ ಬಂತು

ಡಾಕ್ಟರೇಟ್ ಅಧ್ಯಯನದ ಎರಡನೆಯ ವರ್ಷ ಚಿಂತಾಕಿಯಲ್ಲಿ ಒಬ್ಬ ವಯೋವೃದ್ಧೆಯೊಡನೆ ಹಲವು ದಿನ ಕುಳಿತಿದ್ದೆ. ಊರಿನವರಂತೆ ನಾನೂ ಅವರನ್ನು ಆಯಿ ಎಂದೇ ಕರೆಯುತ್ತಿದ್ದೆ. ಅವರ ಹೆಸರನ್ನು ಇಲ್ಲಿ ಬಿಟ್ಟಿರುವುದಕ್ಕೆ ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ. ನನ್ನ ಪ್ರಶ್ನಾವಳಿಯಲ್ಲಿ ಸರಳವಾದ ಭೂತಕಾಲದ ಒಂದು ವಾಕ್ಯವಿತ್ತು. ‘ನಿನ್ನೆ ಔರಾದಿನಲ್ಲಿ ಮಳೆ ಬಂತು’ ಎಂಬುದನ್ನು ನಿಮ್ಮ ಮಾತಿನಲ್ಲಿ ಹೇಳಿ ಎಂದೆ. ‘ನಿನ್ನಿ ಔರಾದದಾಗ ಮಳಿ ಬಂತಂತ’ ಎಂದರು. ನನಗೆ ಬೇಕಿದ್ದುದು ಕ್ರಿಯಾಪದದ ಬರಿಯ ರೂಪ. ‘ಅಂತ ಬೇಡ ಆಯಿ, ಬಂತು ಅಷ್ಟೇ ಹೇಳ್ರಿ’ ಎಂದೆ. ಅವರು ಒಪ್ಪಲಿಲ್ಲ.

‘ನಾ ಇಲ್ಲೇ ಮನ್ಯಾಗ ಇದ್ದೆ. ಔರಾದದಾಗ ಬಂದ ಮಳಿ ನಾ ಯಾನ್ ನೋಡೀನಿ? ಕಣ್ಣಿಂದು ಬ್ಯಾರೆ, ಕಿವಿಂದು ಬ್ಯಾರೆ, ತಂಗಿ.’

ದಕ್ಷಿಣದ ಆಡುಮಾತಿನಲ್ಲಿ ಕೇಳಿದ ಸುದ್ದಿಗೆ ‘ಅಂತೆ’, ಉಕ್ತಿಯನ್ನು ತರುವುದಕ್ಕೆ ‘ಅಂತ’ ಎಂಬ ಭೇದವುಂಟು. ಉತ್ತರದ ಆಡುಮಾತಿನಲ್ಲಿ ಎರಡು ಕೆಲಸವನ್ನೂ ಸಾಮಾನ್ಯವಾಗಿ ‘ಅಂತ’ವೇ ಮಾಡುತ್ತದೆ. ರೂಪ ಒಂದಾದುದರಿಂದ ಅರ್ಥಭೇದವನ್ನು ವಾಕ್ಯದೊಳಗಿನ ಸ್ಥಾನದಿಂದಲೂ ಸಂದರ್ಭದಿಂದಲೂ ಗುರುತಿಸಬೇಕಾಗುತ್ತದೆ. ಇಷ್ಟನ್ನು ನಾನು ಓದಿಕೊಂಡೇ ಹೋಗಿದ್ದೆ. ಕೇಳಿದ ಸಂಗತಿಯನ್ನು ‘ಅಂತ’ವಿಲ್ಲದೆ ನುಡಿಯುವುದು ಆಯಿಗೆ ವ್ಯಾಕರಣದೋಷಕ್ಕಿಂತ ಹೆಚ್ಚಿನದು, ಸುಳ್ಳಿಗೆ ಸಮೀಪವಾದುದು ಎಂಬುದು ಮಾತ್ರ ನನಗೆ ತಿಳಿದಿರಲಿಲ್ಲ. ನಾನು ಇನ್ನೂ ಅನುಮಾನದಲ್ಲಿರುವುದನ್ನು ಕಂಡು, ಕೇಳದೆಯೇ ಇನ್ನೊಂದು ವಾಕ್ಯವನ್ನು ಕೊಟ್ಟರು: ‘ನಾ ಮಳಿಗಾಲದಾಗ ಹುಟ್ಟೀನಂತ.’ ತನ್ನ ಹುಟ್ಟನ್ನು ತಾನು ಕಂಡವರಿಲ್ಲ; ಆದ್ದರಿಂದ ಉತ್ತಮಪುರುಷದಲ್ಲಿಯೂ ‘ಅಂತ’ ಬೇಕು. ಬಳಿಕ ಮರಾಠಿಯವರು ಇದಕ್ಕೇ ‘ಮ್ಹಣೆ’ ಎನ್ನುತ್ತಾರೆ, ದಖನಿ ಆಡುವವರು ‘ಕತೆ’ ಎನ್ನುತ್ತಾರೆ ಎಂದು ತಾವಾಗಿಯೇ ಸೇರಿಸಿದರು. ತೆಲುಗಿನ ‘ಅಟ’ ಒಂದನ್ನು ಮಾತ್ರ ನಾನು ಸೇರಿಸಿದೆ.

ಮಹಾಪ್ರಬಂಧದಲ್ಲಿ ಈ ಭಾಗ ಹೇಗೆ ರೂಪಾಂತರವಾಯಿತೆಂಬುದನ್ನು ಈಗ ಓದುವಾಗ ನಾಚಿಕೆಯಾಗುತ್ತದೆ. ‘ಪ್ರಸ್ತುತ ಉಪಭಾಷೆಯಲ್ಲಿ ದೃಷ್ಟ ಹಾಗೂ ಶ್ರುತ ಎಂಬ ಭೇದ ಕಂಡುಬರುತ್ತದೆ. ಉತ್ತಮಪುರುಷದಲ್ಲಿಯೂ ಇದು ಅನ್ವಯಿಸುವುದನ್ನು ಗುರುತಿಸಲಾಗಿದೆ. ನೆರೆಭಾಷೆಗಳಲ್ಲಿಯೂ ಸಂವಾದಿ ರೂಪಗಳಿವೆ.’ ಮೌಖಿಕ ಪರೀಕ್ಷೆಯಲ್ಲಿ ಹುಟ್ಟಿನ ವಾಕ್ಯವನ್ನು ಪರೀಕ್ಷಕರು ವಿಶೇಷವಾಗಿ ಮೆಚ್ಚಿದರು. ಪರೀಕ್ಷಾವಾಕ್ಯವನ್ನು ಜಾಣತನದಿಂದ ರಚಿಸಿದ್ದೀರಿ ಎಂದರು. ನಾನು ಧನ್ಯವಾದ ಹೇಳಿದೆ. ಆಯಿಯ ಹೆಸರು ಕೃತಜ್ಞತೆಯ ಪುಟದಲ್ಲಿ ಇತರ ಇಪ್ಪತ್ತು ಹೆಸರುಗಳ ನಡುವೆ ಇತ್ತು. ಆ ಅಧ್ಯಾಯದಲ್ಲಿ ಇರಲಿಲ್ಲ.

ಕಂಡುಬರುತ್ತದೆ: ಯಾರಿಗೆ?

ಇದನ್ನು ನನ್ನೊಬ್ಬಳ ದೌರ್ಬಲ್ಯವೆಂದು ಬಿಟ್ಟುಬಿಡಬಹುದಿತ್ತು. ಆದರೆ ಇಲ್ಲಿ ನಮ್ಮ ಶೈಲಿಯ ಪಾತ್ರವೂ ಇದೆ. ಶಾಸ್ತ್ರಗದ್ಯದ ಕನ್ನಡ ‘ಕಂಡುಬರುತ್ತದೆ’, ‘ಗುರುತಿಸಲಾಗಿದೆ’, ‘ಎನ್ನಲಾಗಿದೆ’, ‘ವಿದಿತವಾಗುತ್ತದೆ’ ಎಂಬ ಕರ್ತೃವಿಲ್ಲದ ರಚನೆಗಳ ಮೇಲೆ ನಿಂತಿದೆ. ವಸ್ತುನಿಷ್ಠತೆಗಾಗಿ ಇವನ್ನು ಬಳಸುತ್ತೇವೆ ಎಂಬುದು ನಾವು ಕೊಟ್ಟುಕೊಳ್ಳುವ ಸಮರ್ಥನೆ. ಫಲಿತಾಂಶ ಮಾತ್ರ ಬೇರೆ: ಕಂಡವರು ಯಾರು, ಹೇಳಿದವರು ಯಾರು, ಊಹಿಸಿದವರು ಯಾರು ಎಂಬ ಮೂರು ಭೇದಗಳೂ ಒಂದೇ ಕ್ರಿಯಾಪದದೊಳಗೆ ಕರಗಿಹೋಗುತ್ತವೆ. ಚಿಂತಾಕಿಯ ಕಟ್ಟೆಯ ಮೇಲೆ ಮಳೆಯ ಸುದ್ದಿಗೂ ಆಧಾರಸೂಚಕ ಬೇಕು; ನಮ್ಮ ಮಹಾಪ್ರಬಂಧಗಳಲ್ಲಿ ಒಂದು ಇಡೀ ವಿಶ್ಲೇಷಣೆಗೆ ಅದು ಬೇಕಿಲ್ಲ. ‘ಅಂತ’ವನ್ನು ಕುರಿತ ಅಧ್ಯಾಯವನ್ನೇ ನಾನು ‘ಅಂತ’ವಿಲ್ಲದೆ ಬರೆದಿದ್ದೆ.

ಹಳಗನ್ನಡದ ವೈಯಾಕರಣರು ಈ ವಿಷಯದಲ್ಲಿ ನಮಗಿಂತ ಎಚ್ಚರವಾಗಿದ್ದರು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದ ಆರಂಭದಲ್ಲಿ ತನ್ನ ಲಕ್ಷಣಗಳಿಗೆ ಲಕ್ಷ್ಯ ಯಾರದೆಂದು ಗುಣನಂದಿ, ಅಸಗ, ಗುಣವರ್ಮ, ಶ್ರೀವಿಜಯ ಮೊದಲಾದವರನ್ನು ಹೆಸರಿಸಿ ಹೇಳುತ್ತಾನೆ. ಅಸಗನ ಕನ್ನಡ ಕೃತಿ ಇಂದು ನಮಗೆ ಲಭ್ಯವಿಲ್ಲ. ಮೊದಲನೆಯ ಗುಣವರ್ಮನ ಕಾವ್ಯಗಳೂ ಇಡಿಯಾಗಿ ಉಳಿದಿಲ್ಲ. ಅವರು ಇದ್ದರು, ಅವರ ಕನ್ನಡ ಪ್ರಮಾಣವಾಗಿತ್ತು ಎಂಬುದಕ್ಕೆ ಇಂತಹ ಹೆಸರಿಸುವಿಕೆಯೇ ದೊಡ್ಡ ಸಾಕ್ಷಿ. ‘ಕವಿರಾಜಮಾರ್ಗ’ದ ಕರ್ತೃತ್ವದ ಚರ್ಚೆ ಇನ್ನೊಂದು ಬಗೆಯದು. ಬಹುಕಾಲ ಅದು ನೃಪತುಂಗನ ಕೃತಿಯೆಂದೇ ಪ್ರಸಿದ್ಧವಾಗಿತ್ತು. ಕೃತಿಯಲ್ಲಿ ಬರುವ ‘ನೃಪತುಂಗದೇವಾನುಮತ’ ಎಂಬ ಮಾತು ಅರಸನ ಅನುಮತಿಯನ್ನು ಸೂಚಿಸುತ್ತದೆಯೇ ಹೊರತು ಅರಸನ ರಚನೆಯನ್ನಲ್ಲ ಎಂಬ ವಾದ ಬಲಗೊಂಡು, ಶ್ರೀವಿಜಯನ ಹೆಸರು ವಿದ್ವಾಂಸರಲ್ಲಿ ನೆಲೆಗೊಂಡಿತು. ಅನುಮೋದಿಸಿದವನು ಬೇರೆ, ಬರೆದವನು ಬೇರೆ. ಮಾರ್ಗದರ್ಶಕರ ಹೆಸರು ವಿದ್ಯಾರ್ಥಿಯ ಲೇಖನದಲ್ಲಿ ತಾನಾಗಿಯೇ ಸೇರಿಕೊಳ್ಳುವ ವಿಭಾಗಗಳಲ್ಲಿ ಈ ‘ಅನುಮತ’ ಶಬ್ದವನ್ನು ಚೌಕಟ್ಟು ಹಾಕಿಸಿ ತೂಗುಹಾಕಬಹುದು.

ತಪ್ಪಿನ ಸಾಕ್ಷ್ಯ

ಮಹಾಪ್ರಬಂಧ ಮುಗಿದ ಕೆಲವು ವರ್ಷಗಳ ಮೇಲೆ ಬೀದರ ಸೀಮೆಯ ಕನ್ನಡವನ್ನು ಕುರಿತ ಒಂದು ಲೇಖನ ನನ್ನ ಕೈಗೆ ಬಂತು. ಲೇಖಕರನ್ನಾಗಲಿ ಪ್ರಕಟಣೆಯನ್ನಾಗಲಿ ಇಲ್ಲಿ ಹೆಸರಿಸುವುದಿಲ್ಲ. ನನಗೆ ಬೇಕಿರುವುದು ಸಾಕ್ಷ್ಯದ ಸ್ವರೂಪ ಮಾತ್ರ. ಭಾಲ್ಕಿ ಕಡೆಯ ಒಂದು ಹಳ್ಳಿಯಲ್ಲಿ ಸಂಗ್ರಹಿಸಿದ್ದೆಂದು ಹೇಳಲಾದ ವಾಕ್ಯಗಳಲ್ಲಿ ‘ನಿನ್ನಿ ಔರಾದದಾಗ ಮಳಿ ಬಂತತ’ ಎಂಬುದಿತ್ತು. ಅದರ ಕೆಳಗೆ, ಶ್ರುತಾರ್ಥದ ‘ಅಂತ’ ಪ್ರತ್ಯಯಕ್ಕೆ ಈ ಪ್ರದೇಶದಲ್ಲಿ ಅನುನಾಸಿಕ ಲೋಪಗೊಂಡ ‘ಅತ’ ಎಂಬ ಪರ್ಯಾಯರೂಪವೂ ಇದೆ ಎಂಬ ನಿರ್ಣಯ.

ಮೊದಲು ನನಗೆ ಸಂತೋಷವೇ ಆಯಿತು. ಅನುನಾಸಿಕ ಲೋಪವು ಅಸಂಭವವಾದ ಬದಲಾವಣೆಯಲ್ಲ. ನಾನು ಗಮನಿಸದ ರೂಪವನ್ನು ಇನ್ನೊಬ್ಬರು ಗಮನಿಸಿದ್ದಾರೆ ಎಂದುಕೊಂಡೆ. ಆಮೇಲೆ ನನ್ನ ಮಹಾಪ್ರಬಂಧವನ್ನು ತೆರೆದೆ. ಅಲ್ಲಿಯೂ ‘ಬಂತತ’ ಎಂದೇ ಇತ್ತು. ಧ್ವನಿಮುದ್ರಿಕೆಯನ್ನು ಹಾಕಿ ಕೇಳಿದೆ. ಆಯಿಯ ಧ್ವನಿಯಲ್ಲಿ ಅನುನಾಸಿಕ ನಿಚ್ಚಳವಾಗಿದೆ. ಬೆರಳಚ್ಚಿನಲ್ಲಿ ನಾನು ಸೊನ್ನೆಯೊಂದನ್ನು ಬಿಟ್ಟಿದ್ದೆ. ನನ್ನ ಅವಸರದಿಂದ ಹುಟ್ಟಿದ ಈ ರೂಪ ಚಿಂತಾಕಿಯಿಂದ ಭಾಲ್ಕಿಗೆ ಹೋಗಿ, ಅಲ್ಲಿ ಒಂದು ಉಪಭಾಷಾ ಲಕ್ಷಣವಾಗಿ ನೆಲೆನಿಂತಿತ್ತು. ನಿಘಂಟುಗಳಲ್ಲಿ ಅಚ್ಚಿನ ತಪ್ಪಿನಿಂದ ಹುಟ್ಟಿ ಬದುಕುವ ಪದಗಳನ್ನು ಇಂಗ್ಲಿಷಿನ ವಿದ್ವಾಂಸ ಸ್ಕೀಟ್ 1886ರಲ್ಲಿ ಪ್ರೇತಪದಗಳೆಂದು ಕರೆದ. ಇದು ಪ್ರೇತಪ್ರತ್ಯಯ.

ಗ್ರಂಥಸಂಪಾದನಾಶಾಸ್ತ್ರವನ್ನು ಓದಿದವರಿಗೆ ಇಲ್ಲಿನ ತರ್ಕ ಪರಿಚಿತ. ಎರಡು ಓಲೆಪ್ರತಿಗಳಲ್ಲಿ ಒಂದೇ ಶುದ್ಧಪಾಠವಿದ್ದರೆ ಅವುಗಳ ನಡುವೆ ವಿಶೇಷ ಸಂಬಂಧವಿದೆಯೆಂದು ಹೇಳಲಾಗದು. ಎರಡೂ ಮೂಲಕ್ಕೆ ನಿಷ್ಠವಾಗಿರಬಹುದು. ಒಂದೇ ಸ್ಖಾಲಿತ್ಯ ಒಂದೇ ಸ್ಥಳದಲ್ಲಿದ್ದರೆ ಒಂದು ಇನ್ನೊಂದರ ನಕಲು, ಇಲ್ಲವೆ ಎರಡೂ ಮೂರನೆಯದೊಂದರ ನಕಲು. ಭಾಷಾಕುಟುಂಬಗಳ ಉಪವರ್ಗೀಕರಣದಲ್ಲಿ ನಾವು ಮಾಡುವುದೂ ಇದನ್ನೇ: ಉಳಿದುಬಂದ ಸಮಾನಲಕ್ಷಣಗಳಿಗೆ ಬೆಲೆ ಕಡಿಮೆ, ಒಟ್ಟಾಗಿ ಹೊಂದಿದ ಹೊಸ ಬದಲಾವಣೆಗೆ ಬೆಲೆ ಹೆಚ್ಚು. ಇಬ್ಬರು ಸಂಶೋಧಕರು ಬೀದರದಲ್ಲಿ ‘ಮನಿ’, ‘ಯಾನ್’ ಎಂಬ ರೂಪಗಳನ್ನು ಪ್ರತ್ಯೇಕವಾಗಿ ಸಂಗ್ರಹಿಸಿದರೆ ಅದರಲ್ಲಿ ಶಂಕೆಗೆ ಆಸ್ಪದವಿಲ್ಲ. ತಪ್ಪು ಮಾತ್ರ ವಂಶಾವಳಿಯನ್ನು ಹೇಳುತ್ತದೆ.

ಆದರೂ ಒಂದು ತಪ್ಪು ಸಾಲದು. ಒಂದು ಸೊನ್ನೆಯನ್ನು ಇಬ್ಬರೂ ಸ್ವತಂತ್ರವಾಗಿ ಬಿಡಬಹುದು. ಆದ್ದರಿಂದ ಉದಾಹರಣೆಗಳ ಅನುಕ್ರಮವನ್ನು ಹೋಲಿಸಿದೆ. ನನ್ನ ಪ್ರಶ್ನಾವಳಿಯ ಅನುಕ್ರಮಕ್ಕೆ ಶಾಸ್ತ್ರೀಯ ಕಾರಣ ಯಾವುದೂ ಇರಲಿಲ್ಲ. ಹಾಳೆಗಳನ್ನು ಜೋಡಿಸುವಾಗ ಆದ ಆಕಸ್ಮಿಕ ಅದು. ಆ ಲೇಖನದ ವಾಕ್ಯಗಳೂ ಅದೇ ಅನುಕ್ರಮದಲ್ಲಿದ್ದವು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಭಾಲ್ಕಿ ಕಡೆಯ ಮಾತುಗಾರರು ಔರಾದಿನ ಮಳೆಯನ್ನೇಕೆ ಕೇಳಿಸಿಕೊಂಡರು ಎಂಬ ಪ್ರಶ್ನೆ ಲೇಖಕರಿಗೆ ಹೊಳೆದಿರಲಿಲ್ಲ.

ಹದಿನಾಲ್ಕು ಪದಗಳು

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ಶೈಕ್ಷಣಿಕ ಪ್ರಾಮಾಣಿಕತೆಯ ನಿಯಮಾವಳಿ ಕೃತಿಚೌರ್ಯವನ್ನು ವ್ಯಾಖ್ಯಾನಿಸುವಾಗ ಪರರ ಕೆಲಸವನ್ನಷ್ಟೇ ಅಲ್ಲ, ವಿಚಾರವನ್ನೂ ತನ್ನದೆಂದು ತೋರಿಸುವುದನ್ನು ಸೇರಿಸುತ್ತದೆ. ವ್ಯಾಖ್ಯೆ ವಿಶಾಲವಾಗಿದೆ, ಅಳತೆಗೋಲು ಹಾಗಿಲ್ಲ. ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40ರವರೆಗೆ ಮೊದಲನೆಯ ಹಂತ, 40ರಿಂದ 60ರವರೆಗೆ ಎರಡನೆಯದು, 60ನ್ನು ಮೀರಿದರೆ ಮೂರನೆಯದು. ಮಹಾಪ್ರಬಂಧವಾದರೆ ಮೊದಲ ಹಂತದಲ್ಲಿ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು; ಎರಡನೆಯದರಲ್ಲಿ ಒಂದು ವರ್ಷ ಸಲ್ಲಿಸುವಂತಿಲ್ಲ; ಮೂರನೆಯದರಲ್ಲಿ ನೋಂದಣಿಯೇ ರದ್ದು. ಸಾಮಾನ್ಯ ಜ್ಞಾನ ಅಥವಾ ಆಕಸ್ಮಿಕವಾಗಿ ಹೊಂದುವ ಮಾತುಗಳನ್ನು, ಸತತ ಹದಿನಾಲ್ಕು ಪದಗಳವರೆಗೆ, ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹದಿನಾಲ್ಕು ಪದಗಳು ಯಾವ ಭಾಷೆಯವು? ಕನ್ನಡದಲ್ಲಿ ‘ಮಾಡಿಸಿಕೊಂಡುಬರಬೇಕಾಗಿತ್ತಂತೆ’ ಎಂಬುದು ತಂತ್ರಾಂಶದ ಎಣಿಕೆಯಲ್ಲಿ ಒಂದು ಪದ. ಪ್ರೇರಣೆ, ಆತ್ಮಾರ್ಥ, ಗತಿ, ಅಗತ್ಯ, ಭೂತಕಾಲ, ಶ್ರುತಾರ್ಥ ಎಲ್ಲವೂ ಅದರೊಳಗಿವೆ. ಇಂಗ್ಲಿಷಿನಲ್ಲಿ ಇಷ್ಟನ್ನು ಹೇಳಲು ಒಂದು ಇಡೀ ವಾಕ್ಯ ಬೇಕು. ಸಂಧಿಯನ್ನು ಬಿಡಿಸಿ ಬರೆದರೆ ಅದೇ ಸರಣಿ ಎರಡೋ ಮೂರೋ ಪದಗಳಾಗುತ್ತದೆ, ಹೋಲಿಕೆಯೂ ತಪ್ಪುತ್ತದೆ. ಅಂಟುಭಾಷೆಯೊಂದರಲ್ಲಿ ಹದಿನಾಲ್ಕು ಪದಗಳ ರಿಯಾಯಿತಿ ಎಂದರೆ ಒಂದು ಪೂರ್ಣ ವಾದವನ್ನು ಸಾಗಿಸುವಷ್ಟು ಅವಕಾಶ. ಇದರೊಂದಿಗೆ, ಯೂನಿಕೋಡ್ ಪೂರ್ವದ ನುಡಿ ಅಕ್ಷರವಿನ್ಯಾಸದಲ್ಲಿ ಅಚ್ಚಾದ ಪ್ರಬಂಧಗಳ ಕಡತಗಳು ಕನ್ನಡ ಅಕ್ಷರಗಳಾಗಿ ಅಲ್ಲ, ಲ್ಯಾಟಿನ್ ಸಂಕೇತಗಳಾಗಿ ಉಳಿದಿರುತ್ತವೆ. ಪರಿವರ್ತಿಸದೆ ಹೋಲಿಸಿದರೆ ಅದೇ ವಾಕ್ಯವೂ ಬೇರೆಯಾಗಿಯೇ ಕಾಣುತ್ತದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದ ಅಧ್ಯಾಯಗಳ ಮಾತಂತೂ ದ್ವಿಭಾಷಾ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ನಾನು ಪ್ರಸ್ತಾಪಿಸಿದ ಲೇಖನದಲ್ಲಿ ಗದ್ಯವೆಲ್ಲ ಲೇಖಕರದೇ. ಉದಾಹರಣೆಯ ವಾಕ್ಯಗಳು ಚಿಕ್ಕವು. ಯಾವುದೂ ಹದಿನಾಲ್ಕು ಪದಗಳಿಗೆ ಮುಟ್ಟುವುದಿಲ್ಲ.

ಪರಿಶೀಲಿಸಲಾಗದ ಸೀಮೆ

ಇಂತಹ ತಪ್ಪು ಬೀದರದ ವಿಷಯದಲ್ಲಿ ಹೆಚ್ಚು ಹಾನಿ ಮಾಡುವುದಕ್ಕೆ ಇತಿಹಾಸದ ಕಾರಣವೂ ಇದೆ. ಗ್ರಿಯರ್ಸನ್‌ನ ಭಾರತೀಯ ಭಾಷಾ ಸಮೀಕ್ಷೆಯ ವ್ಯಾಪ್ತಿಯಿಂದ ಮದ್ರಾಸ್ ಪ್ರಾಂತ, ಮೈಸೂರು ಹಾಗೂ ಹೈದರಾಬಾದ್ ಸಂಸ್ಥಾನಗಳು ಹೊರಗುಳಿದವು. ದ್ರಾವಿಡ ಭಾಷೆಗಳ ನಾಲ್ಕನೆಯ ಸಂಪುಟ 1906ರಲ್ಲಿ ಬಂದಾಗ ಬೀದರ ನಿಜಾಮರ ಆಳ್ವಿಕೆಯಲ್ಲಿತ್ತು. ಆದ್ದರಿಂದ ಇಲ್ಲಿಯ ಕನ್ನಡಕ್ಕೆ ಆ ಕಾಲದ ಮಾದರಿಪಾಠ ಇಲ್ಲ. 1956ರ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ ಜಿಲ್ಲೆಯೇ ಮೂರು ಪಾಲಾಯಿತು: ಉದಗೀರ, ನಿಲಂಗಾ, ಅಹಮದಪುರ ಆಗಿನ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಪುಣೆಯ ಡೆಕ್ಕನ್ ಕಾಲೇಜು 1968ರಲ್ಲಿ ಪ್ರಕಟಿಸಿದ ಆರ್. ಮಹಾದೇವನ್ ಅವರ ಗುಲ್ಬರ್ಗಾ ಕನ್ನಡದ ವರ್ಣನೆ ನೆರೆಯ ಸೀಮೆಯದು. ಆಧಾರ ಇಷ್ಟು ವಿರಳವಾಗಿರುವಲ್ಲಿ ಒಂದು ಸುಳ್ಳು ರೂಪ ಒಳಹೊಕ್ಕರೆ ಅದನ್ನು ಹೊರಹಾಕುವ ಎದುರುಸಾಕ್ಷಿ ಸುಲಭವಾಗಿ ಸಿಕ್ಕುವುದಿಲ್ಲ.

ಹೊರಜಗತ್ತಿನಲ್ಲಿ ಪ್ರಸಿದ್ಧವಾದ ಗಡಿನಾಡಿನ ಅಧ್ಯಯನವೊಂದನ್ನೇ ನೋಡಬಹುದು. ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳು ವಾಕ್ಯರಚನೆಯಲ್ಲಿ ಒಂದಾಗಿವೆ ಎಂದು ವಾದಿಸಿದ 1971ರ ಲೇಖನಕ್ಕೆ ಇಬ್ಬರು ಲೇಖಕರು: ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್. ತರಗತಿಗಳಲ್ಲಿ ಅದನ್ನು ‘ಗಂಪರ್ಜ್ ಅವರ ಕುಪವಾಡ’ ಎನ್ನುವುದು ರೂಢಿಯಾಗಿದೆ. ನಾನೂ ಹಾಗೆ ಹೇಳಿದವಳೇ. ಇಬ್ಬರಲ್ಲಿ ಒಬ್ಬರು ಉಲ್ಲೇಖದಲ್ಲಿ ಮರೆಯಾದರೆ ಮೂರನೆಯವರಾದ ಕುಪವಾಡದ ಮಾತುಗಾರರ ಗತಿಯೇನು? ಸುಮಾರು ನಾಲ್ಕು ದಶಕಗಳ ಬಳಿಕ ಸೋನಲ್ ಕುಲಕರ್ಣಿ-ಜೋಶಿ ಆ ಊರಿಗೆ ಮತ್ತೆ ಹೋಗಿ ಆ ಮಾದರಿಯನ್ನು ವಿಮರ್ಶೆಗೆ ಒಳಪಡಿಸಿದರು. ಮೊದಲ ವಾಕ್ಯಗಳ ಪಕ್ಕದಲ್ಲಿ ಯಾರು, ಯಾವ ಮನೆಮಾತಿನವರು, ಯಾವಾಗ ನುಡಿದರು ಎಂಬ ಗುರುತುಗಳಿದ್ದರೆ ಮರುಪರಿಶೀಲನೆ ಎಷ್ಟು ಬೇರೆಯಾಗುತ್ತಿತ್ತು ಎಂಬುದನ್ನು ಕ್ಷೇತ್ರಕಾರ್ಯ ಮಾಡಿದವರು ಊಹಿಸಬಲ್ಲರು.

ಒಳ್ಳೆಯ ಮಾದರಿಗಳೂ ದ್ರಾವಿಡ ಭಾಷಾಶಾಸ್ತ್ರದಲ್ಲಿವೆ. ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟಿನಲ್ಲಿ ಹವ್ಯಕ, ಗೌಡ, ಗುಲ್ಬರ್ಗಾ ಮೊದಲಾದ ಉಪಭಾಷಾ ರೂಪಗಳಿಗೆ ಆಯಾ ಮೂಲದ ಸಂಕೇತವಿದೆ. ಒಂದು ಶಬ್ದದ ಬಗ್ಗೆ ಸಂದೇಹ ಬಂದರೆ ಯಾರ ಬಾಗಿಲು ತಟ್ಟಬೇಕೆಂದು ಗೊತ್ತಾಗುತ್ತದೆ. ನೀಲಗಿರಿಯ ಕೋತ ಭಾಷೆಯ ಎಮೆನೊ ಅವರ ಅಧ್ಯಯನದಲ್ಲಿ ಸುಲ್ಲಿ ಎಂಬ ಕೋತ ವ್ಯಕ್ತಿಯ ಹೆಸರು ಶಾಸ್ತ್ರದ ಚರಿತ್ರೆಯ ಭಾಗವಾಗಿಯೇ ಉಳಿದಿದೆ. 2018ರ ಆಸ್ಟಿನ್ ತತ್ತ್ವಗಳು ಭಾಷಾದತ್ತಾಂಶವನ್ನು ಗ್ರಂಥದಂತೆಯೇ ಉಲ್ಲೇಖಿಸಬೇಕೆಂದು ಹೇಳಿದ್ದು ಇದೇ ದಿಕ್ಕಿನಲ್ಲಿ.

ಯಾರು ಕರ್ತೃ?

ವಾಕ್ಯ ನುಡಿದವರೆಲ್ಲರೂ ಸಹಲೇಖಕರೇ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಪ್ರಶ್ನಾವಳಿಗೆ ಉತ್ತರಿಸಿದವರಿಗೆ ಸಲ್ಲಬೇಕಾದದ್ದು ವಾಕ್ಯದ ಪಕ್ಕದಲ್ಲೇ ನಿಲ್ಲುವ ಗುರುತು: ವಕ್ತೃ, ಊರು, ದಿನಾಂಕ, ಮುದ್ರಿಕೆಯ ಸಂಖ್ಯೆ. ಲಿಪ್ಯಂತರ ಮಾಡಿದ ವಿದ್ಯಾರ್ಥಿಗೂ ಅಲ್ಲಿಯೇ ಸ್ಥಾನ ಬೇಕು. ಭೇದವೊಂದನ್ನು ಸ್ವತಃ ಗುರುತಿಸಿ, ಅದನ್ನು ಪರೀಕ್ಷಿಸುವ ವಾಕ್ಯವನ್ನೂ ಕಟ್ಟಿಕೊಟ್ಟವರು ಮಾತ್ರ ಮಾಹಿತಿದಾರರಲ್ಲ, ವಿಶ್ಲೇಷಕರು. ಅವರ ವಿಚಾರವನ್ನು ವಿದ್ವಾಂಸರ ವಿಚಾರದಂತೆಯೇ ಉಲ್ಲೇಖಿಸಬೇಕು. ಲೇಖನದ ಮುಖ್ಯ ವಾದವೇ ಅದಾಗಿದ್ದರೆ ಕರ್ತೃತ್ವದ ಪ್ರಸ್ತಾಪವನ್ನು ಅವರ ಮುಂದಿಡಬೇಕು.

ಇದಕ್ಕೆ ಬೆಲೆಯೂ ಇದೆ, ಅದನ್ನು ಮುಚ್ಚಿಡಬಾರದು. ಅಧ್ಯಾಪಕರ ನೇಮಕಾತಿ ಹಾಗೂ ಬಡ್ತಿಗೆ ಸಂಬಂಧಿಸಿದ 2018ರ ಆಯೋಗದ ನಿಯಮಗಳಲ್ಲಿ ಭಾಷಾವಿಷಯದ ಒಂದು ಸಂಶೋಧನ ಲೇಖನಕ್ಕೆ 10 ಅಂಕ. ಇಬ್ಬರು ಲೇಖಕರಿದ್ದರೆ ಪ್ರತಿಯೊಬ್ಬರಿಗೂ ಅದರ ಶೇ 70. ಆಯಿಯನ್ನು ಸೇರಿಸಿಕೊಂಡರೆ ನನಗೆ 7 ಅಂಕ ಬರುತ್ತದೆ, ಅವರಿಗೆ ಉಪಯೋಗವಿಲ್ಲದ 7 ಅಂಕ ಬರುತ್ತದೆ. ಮೂರು ಅಂಕಗಳ ಈ ನಷ್ಟ ಒಬ್ಬ ಸಹಾಯಕ ಪ್ರಾಧ್ಯಾಪಕಿಯ ಮನಸ್ಸಿನಲ್ಲಿ ಎಷ್ಟು ಭಾರವಾಗಿ ಕೂರುತ್ತದೆಂಬುದನ್ನು ನಾನು ಬಲ್ಲೆ.

ಹೋದ ವರ್ಷ ಮತ್ತೆ ಚಿಂತಾಕಿಗೆ ಹೋದೆ. ಅಧ್ಯಾಯವನ್ನು ತಿದ್ದಿ ಬರೆಯುತ್ತಿರುವೆನೆಂದೂ, ನಿಮ್ಮ ಹೆಸರನ್ನು ಹಾಕಬೇಕೆಂದಿರುವೆನೆಂದೂ ಆಯಿಗೆ ಹೇಳಿ, ಅವರ ಭಾಗವನ್ನು ಓದಿ ತೋರಿಸಿದೆ. ಮಗನಿಗೆ ಸಂಕೋಚವಿತ್ತು, ‘ನಮ್ಮ ಮಾತಿನಾಗ ಮರಾಠಿ ಕೂಡ್ಯಾದ ಅಂತ ಬರೀಬ್ಯಾಡ್ರಿ, ನಾಳಿ ಯಾರರೆ ಕೇಳ್ತಾರ’ ಎಂದರು. ಗಡಿಯಲ್ಲಿ ಬದುಕುವವರಿಗೆ ಇದು ಸಣ್ಣ ಮಾತಲ್ಲ. ಆಯಿ ಬಹಳ ಹೊತ್ತು ಸುಮ್ಮನಿದ್ದು, ಹೆಸರು ಬೇಡ, ಊರ ಹೆಸರು ಇರಲಿ, ಮಾತು ತಮ್ಮದೆಂದು ಮಾತ್ರ ಬರೆಯಬೇಕು ಎಂದರು. ಹಾಗಾಗಿ ತಿದ್ದಿದ ಅಧ್ಯಾಯದಲ್ಲಿ ದೃಷ್ಟ-ಶ್ರುತ ಭೇದದ ಎದುರು ‘ಚಿಂತಾಕಿಯ ವಕ್ತೃ 1 ಇವರ ವಿಶ್ಲೇಷಣೆ’ ಎಂದಿದೆ. ಹುಟ್ಟಿನ ವಾಕ್ಯದ ಎದುರು ‘ವಾಕ್ಯರಚನೆಯೂ ಇವರದೇ’ ಎಂದಿದೆ. ಮಳೆಯ ವಾಕ್ಯದಲ್ಲಿ ಸೊನ್ನೆ ಸೇರಿದೆ, ‘ಅತ’ ಎಂಬ ರೂಪ ಬೆರಳಚ್ಚಿನ ತಪ್ಪು, ಅದನ್ನು ಉಪಭಾಷಾರೂಪವೆಂದು ಪರಿಗಣಿಸಬಾರದು ಎಂಬ ಅಡಿಟಿಪ್ಪಣಿಯೂ ಸೇರಿದೆ. ಆ ಇನ್ನೊಂದು ಲೇಖನದ ಕರ್ತೃಗಳಿಗೆ ಧ್ವನಿಮುದ್ರಿಕೆಯ ಪ್ರತಿಯೊಂದನ್ನು ಆಯಿಯ ಒಪ್ಪಿಗೆ ಪಡೆದು ಕಳುಹಿಸಿದ್ದೇನೆ; ಉತ್ತರ ಇನ್ನೂ ಬಂದಿಲ್ಲ.